ಹದಿನಾರು ಕನಸಿನ ಮಣ್ಣು

ಮನೆ ಕೊಳ್ಳುವ ಮುಂಚೆ ಯಾರಾದರೂ ನನ್ನ ಸಲಹೆ ಕೇಳಿದರೆ ನಾನು ಹೇಳುವುದು ಇಷ್ಟೇ: ಬೆಳಕು, ಗಾಳಿ, ನೀರಿನ ನಲ್ಲಿ ಎಲ್ಲ ಆಮೇಲೆ ನೋಡಿ, ಮೊದಲು ಆ ಮನೆಯೊಳಗೆ ನೆರಳು ಎಲ್ಲಿ ನಿಲ್ಲುತ್ತದೆ ನೋಡಿಕೊಳ್ಳಿ. ಮಾರುವವರು ಬೆಳಗಿನ ಹೊತ್ತು ಕರೆಯುತ್ತಾರೆ, ಹೋಗಬೇಡಿ. ಚೈತ್ರದ ಮಧ್ಯಾಹ್ನ, ಊಟವಾದ ಮೇಲೆ ಹೋಗಿ ಗೋಡೆಗೆ ಅಂಗೈ ಹಚ್ಚಿ ನೋಡಿ. ನಿಪ್ಪಾಣಿಯಲ್ಲಿ ಹಬ್ಬದ ಅಲಂಕಾರದ ಸಾಮಾನಿನ ನನ್ನ ಅಂಗಡಿಗೆ ಗೋದಾಮು ಹಿಡಿದದ್ದು ಹೀಗೆಯೇ. ಗೋಡೆ ಸವರುತ್ತ ನಿಂತ ನನ್ನನ್ನು ಮಾಲೀಕ ಹುಚ್ಚಿ ಅಂದುಕೊಂಡ. ಹುಚ್ಚಿಯ ಜೊತೆ ಯಾಕೆ ಜಗಳ ಎಂದು ಬಾಡಿಗೆಯನ್ನೂ ಇಳಿಸಿದ. ಈ ವಿದ್ಯೆಯನ್ನು ನನಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಏಕಸಂಬಿಯ ನಮ್ಮ ಮನೆಯಲ್ಲಿ ತಣ್ಣಗಿದ್ದ ಕೋಣೆ ಒಂದೇ ಇತ್ತು. ಅದರಲ್ಲಿ ಅಪ್ಪನ ತಂಗಿ, ನಮ್ಮ ತಾರಾತ್ತೆ, ಇದ್ದಳು. ಅಲ್ಲಿ ಏನು ಒಣಗಿತು, ಏನು ಸೀಳಿತು ಎಂಬುದನ್ನು ನೋಡುತ್ತ ನಾನು ದೊಡ್ಡವಳಾದೆ.

ರಸ್ತೆಗೆ ಮುಖ ಮಾಡಿದ ಸೋಪಾ, ಅಂದರೆ ಪಡಸಾಲೆ, ಅಪ್ಪನದು. ಅಪ್ಪ ಬೆಲ್ಲದ ದಲಾಲಿ ಮಾಡುತ್ತಿದ್ದ. ಕೊಳ್ಳುವವನ ಕೈ, ಮಾರುವವನ ಕೈ ಎರಡನ್ನೂ ತನ್ನ ಟವೆಲಿನ ಕೆಳಗೆ ಹಿಡಿದು, ಬಾಯಲ್ಲಿ ಮಳೆ ಬೆಳೆ ಮಾತಾಡುತ್ತ, ಬೆರಳಿನಲ್ಲಿ ದರ ಕುದುರಿಸುತ್ತಿದ್ದ. ಕುದುರಿದ ಮೇಲೆ ಟವೆಲನ್ನು ಒಮ್ಮೆ ಜಾಡಿಸಿ ಹೆಗಲಿಗೆ ಹಾಕಿಕೊಂಡನೆಂದರೆ ಮಾತು ಮುಗಿಯಿತು. ಆಮೇಲೆ ಪೇಟೆ ಬಿದ್ದರೂ ಎದ್ದರೂ ಆ ಮಾತು ತಿರುಗುವಂತಿಲ್ಲ. ತಿರುಗಿಸಿದ ದಲಾಲನ ಟವೆಲಿನ ಕೆಳಗೆ ಮತ್ತೆ ಯಾರೂ ಕೈ ಇಡುವುದಿಲ್ಲ. ನಡುಮನೆ ಆಯಿಯದು. ಆಯಿ ಅಂದರೆ ಅಪ್ಪನ ತಾಯಿ. ಜಪಮಾಲೆ ಹಿಡಿದು ಕೂತಲ್ಲಿಂದಲೇ ಇಡೀ ಮನೆಯ ಇರುವೆಗಳ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದಳು. ಅಡುಗೆಮನೆ ಅವ್ವನದು. ನಾವು ಜೈನರು, ಹೊತ್ತು ಮುಳುಗುವ ಮುಂಚೆ ರೊಟ್ಟಿ, ಮಡಿಕೆಕಾಳು, ಮೊಸರು ಉಂಡು ಮುಗಿಸಲೇಬೇಕು, ಹೊತ್ತು ಮುಳುಗಿದ ಮೇಲೆ ಒಲೆಯ ಮುಖ ನೋಡುವಂತಿಲ್ಲ. ಹೀಗಾಗಿ ಸಂಜೆ ಆಗುತ್ತಿದ್ದಂತೆ ನಮ್ಮ ಮನೆಯಲ್ಲಿ ಎಲ್ಲರೂ ಬಸ್ಸು ತಪ್ಪುತ್ತದೆನ್ನುವವರ ಹಾಗೆ ಓಡಾಡುತ್ತಿದ್ದರು, ಜಗಳಗಳೂ ಆಗಲೇ ಆಗುತ್ತಿದ್ದವು. ಅಡುಗೆಮನೆಯ ಹಿಂದೆ, ಬಡಗಣ ಬದಿಗೆ, ಬೆಲ್ಲದ ಮಾದರಿ ಇಡುವ ಕೋಣೆ. ಗೋಡೆ ದಪ್ಪ, ಕಿಟಕಿ ಸಣ್ಣದು. ಪಂಚಮಿಗೆ ತವರಿಗೆಂದು ಬಂದ ತಾರಾತ್ತೆಯನ್ನು ಕರೆದೊಯ್ಯಲು ಗಂಡನ ಊರು ಐಗಳಿಯಿಂದ ಯಾರೂ ಬರದಿದ್ದಾಗ ಅವಳ ಟ್ರಂಕು ಆ ಕೋಣೆ ಸೇರಿತು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಆ ಟ್ರಂಕಿನ ಕೆಳಗೆ ತುಕ್ಕಿನ ಚೌಕ ಮೂಡಿತ್ತು. ಮಕ್ಕಳಾಗಲಿಲ್ಲ ಎಂಬುದೊಂದೇ ಅವಳ ಮೇಲಿದ್ದ ದೂರು. ಐಗಳಿಯವರು ಬಿಟ್ಟೆವು ಎಂದೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ.

ಅವಳ ಕೈಗೆ ಮಣ್ಣು ಹೇಗೆ ಹತ್ತಿತೋ ಗೊತ್ತಿಲ್ಲ. ಯುಗಾದಿ ಬಂತೆಂದರೆ ಓಣಿಯ ಮನೆಗಳ ಬಾಗಿಲಿಗೆ ಮಣ್ಣಿನ ಮಾವಿನ ಗೊಂಚಲು, ಬೇವಿನ ಹೂವು ಮಾಡಿಕೊಡುತ್ತಿದ್ದಳು; ಚೈತ್ರಗೌರಿ ಕೂರಿಸುವ ಮನೆಗಳಿಗೆ ಗಿಳಿ, ನವಿಲು, ಕಲ್ಲಂಗಡಿ ಹೋಳು. ಯಾವುದನ್ನೂ ಸುಡುತ್ತಿರಲಿಲ್ಲ. ಭಟ್ಟಿ ಹಚ್ಚಿದರೆ ಅದರಲ್ಲಿ ಎಷ್ಟು ಜೀವ ಬೇಯುತ್ತವೋ ಎಂದು ಆಯಿ ಬಾಗಿಲಲ್ಲೇ ಅಡ್ಡ ಮಲಗುತ್ತಿದ್ದಳು. ಹೀಗಾಗಿ ಎಲ್ಲವೂ ಗಾಳಿಯಲ್ಲೇ, ನೆರಳಲ್ಲೇ ಒಣಗಬೇಕು. ಬರೀ ಎರೆಮಣ್ಣು ಒಣಗಿದರೆ ಬಾಯಿ ಬಿಡುತ್ತದೆ. ಅದಕ್ಕೆ ನದಿ ದಂಡೆಯ ಮಣ್ಣು ಬೆರೆಸಿ, ಅರಿವೆಯಲ್ಲಿ ಸೋಸಿ, ನೆನೆಸಿ ಕುಟ್ಟಿದ ರದ್ದಿ ಕಾಗದ ಮತ್ತು ಅರೆದ ಮೆಂತ್ಯ ಹಾಕಿ ನಾದುತ್ತಿದ್ದಳು. ಬಣ್ಣ ಹಿಡಿಯಲು ಪೇಟೆಯ ಸರೇಸು ಬೇಡ, ಅದು ಚರ್ಮ ಕುದಿಸಿ ಮಾಡಿದ್ದು; ಬೇವಿನ ಅಂಟೇ ಆಗಬೇಕು. ಈಗ ನನ್ನ ಅಂಗಡಿಗೆ ಪೊಟ್ಟಣದಲ್ಲಿ ಮೆತ್ತನೆಯ ಮಣ್ಣು ಬರುತ್ತದೆ, ಬಿಚ್ಚಿ ಆಕಾರ ಕೊಟ್ಟರೆ ತಾನೇ ಒಣಗುತ್ತದೆ. ಕೊಳ್ಳುವ ತಾಯಂದಿರಿಗೆ ನಾನು ಬಿಟ್ಟಿ ಸಲಹೆ ಕೊಡುತ್ತೇನೆ: ಫ್ಯಾನಿನ ಕೆಳಗೆ ಇಡಬೇಡಿ, ಮೇಲೆ ಬುಟ್ಟಿ ಬೋರಲು ಹಾಕಿ, ದಿನಕ್ಕೊಮ್ಮೆ ಮಗ್ಗಲು ಬದಲಿಸಿ, ದಪ್ಪ ಇದ್ದಲ್ಲಿ ಕೆಳಗಿನಿಂದ ಗುಳಿ ಮಾಡಿ. ದಪ್ಪ ಮಣ್ಣು ಹೊರಗೆ ಒಣಗಿ ಒಳಗೆ ಹಸಿ ಉಳಿದರೆ ಸೀಳುವುದು ಖಂಡಿತ. ತಾರಾತ್ತೆ ಪ್ರತಿ ಪ್ರಾಣಿಯ ಹೊಟ್ಟೆಯಡಿ ಬಲ ಹೆಬ್ಬೆರಳು ಒತ್ತಿ ಗುಳಿ ಮಾಡುತ್ತಿದ್ದಳು. ಐಗಳಿಯಲ್ಲಿ ದ್ರಾಕ್ಷಿ ಕೊಯ್ಯುವಾಗ ಕತ್ತರಿಗೆ ಸಿಕ್ಕು ಆ ಹೆಬ್ಬೆರಳಿನ ತುದಿ ಓರೆಯಾಗಿತ್ತು. ಗುಳಿಯಲ್ಲೂ ಆ ಓರೆ ಮೂಡುತ್ತಿತ್ತು. ಅಂದು ತನ್ನ ಧೋತರ ಹರಿದು ಆ ಬೆರಳಿಗೆ ಕಟ್ಟಿದವರು ಮಾಮಾನೇ, ಅಂದರೆ ಅವಳ ಗಂಡನೇ, ಎಂದು ನನಗೊಮ್ಮೆ ಹೇಳಿದ್ದಳು.

ಇದರಲ್ಲಿ ಆಯಿಯ ಇನ್ನೊಂದು ಕಟ್ಟಳೆ ಇತ್ತು. ಮಣ್ಣಿನದಾದರೂ ಆನೆ ಎಂದು ಮನಸ್ಸಿನಲ್ಲಿ ತಿಳಿದು ಅದನ್ನು ಮುರಿದರೆ ಆನೆಯನ್ನು ಕೊಂದ ಪಾಪವೇ. ಹೀಗಾಗಿ ಸೀಳಿದ ಪ್ರಾಣಿಯನ್ನು ಒಡೆದು, ನೆನೆಸಿ, ಮತ್ತೆ ನಾದುವಂತಿರಲಿಲ್ಲ. ಕಿವಿ ಹೋದ ಮೊಲ, ಕೊಕ್ಕು ಮುರಿದ ಗಿಳಿ ಎಲ್ಲವೂ ಅಟ್ಟಕ್ಕೆ ಹೋಗಿ ಕೂರುತ್ತಿದ್ದವು. ತಾರಾತ್ತೆ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಳು: ಪೂರಾ ಆಗುವವರೆಗೆ ಏನು ಮಾಡುತ್ತಿದ್ದೇನೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

“ಏನ ಮಾಡಾಕತ್ತಿ ಬೇ ತಾರಾ?” ಎಂದು ನಡುಮನೆಯಿಂದ ಆಯಿ ಕೂಗುತ್ತಿದ್ದಳು.

“ಏನಿಲ್ಲಬೇ, ಇನ್ನೂ ಬರೇ ಮಣ್ಣ ಐತಿ.”

“ನಾಕ ಕಾಲ ಕಾಣಾಕತ್ತಾವಲ್ಲ?”

“ಕುಂದರೂ ಮಣಿನೂ ಇರಬಹುದು, ಸುಮ್ಮನ ಜಪಾ ಮಾಡು.”

ಅವ್ವ ಒಳಗಿನಿಂದ, “ಮಣಿನೋ ಆನಿನೋ, ನನ್ನ ಮೆಂತೇದ ಡಬ್ಬಿ ಅಂತೂ ಖಾಲಿ ಆಗೇತಿ. ಆ ಪ್ರಾಣಿಗೋಳ ಹೊಟ್ಟಿ ತುಂಬಿ ಉಳದ್ರ ನಮಗ ಒಗ್ಗರಣಿ,” ಎನ್ನುತ್ತಿದ್ದಳು. ಆದರೆ ಮೆಂತ್ಯ ನೆನೆಹಾಕುತ್ತಿದ್ದವಳೂ ಅವ್ವನೇ.

ಆ ವರ್ಷ ನಮ್ಮ ಬಸ್ತಿಯಲ್ಲಿ, ಅಂದರೆ ಜಿನಮಂದಿರದಲ್ಲಿ, ಮಹಾವೀರ ಜಯಂತಿಯನ್ನು ದೊಡ್ಡದಾಗಿ ಮಾಡುವುದೆಂದು ಠರಾವಾಯಿತು. ಭಗವಂತ ಹುಟ್ಟುವ ಮುಂಚೆ ಅವನ ತಾಯಿ ಹದಿನಾರು ಕನಸು ಕಂಡಳೆಂದು ನಮ್ಮಲ್ಲಿ ನಂಬಿಕೆ: ಆನೆ, ಎತ್ತು, ಸಿಂಹ, ಲಕ್ಷ್ಮಿ, ಹೂಮಾಲೆ, ಚಂದ್ರ, ಸೂರ್ಯ, ಜೋಡಿ ಮೀನು, ಕೊನೆಗೆ ಹೊಗೆಯಿಲ್ಲದ ಬೆಂಕಿ. ತೊಟ್ಟಿಲು ತೂಗುವಾಗ ಹಿಂದೆ ಕಟ್ಟುವ ಚಿತ್ರದ ಪರದೆಯನ್ನು ಇಲಿ ಕಡಿದಿತ್ತು. ಅದರ ಬದಲು ಹದಿನಾರನ್ನೂ ಮಣ್ಣಿನಲ್ಲಿ ಮಾಡಿಸಿ ತೊಟ್ಟಿಲ ಸುತ್ತ ಇಡೋಣ ಎಂದು ಸೂಚಿಸಿದವನು ಅಪ್ಪ. ಅಪ್ಪನ ಲೆಕ್ಕ ಬೇರೆಯೇ ಇತ್ತು. ಐಗಳಿಯವರು ಆ ದಿನ ಏಕಸಂಬಿಗೆ ಬರುವವರಿದ್ದರು. ಅವರು ಮಾಮಾನಿಗೆ ಎರಡನೆಯ ಹೆಣ್ಣು ನೋಡುತ್ತಿದ್ದಾರೆಂಬ ಸುದ್ದಿ ರಾಯಬಾಗದ ಬೀಗರ ಮೂಲಕ ಬಂದಿತ್ತು. ಈ ಕೈಕೆಲಸವನ್ನು ಅವರು ಕಣ್ಣಾರೆ ನೋಡಲಿ, ಇಂಥವಳನ್ನು ಬಿಟ್ಟೆವಲ್ಲ ಅನ್ನಿಸಲಿ, ಅಲ್ಲಿಂದಲೇ ಕರೆದುಕೊಂಡು ಹೋಗಲಿ ಎಂಬುದು ಅಪ್ಪನ ಆಸೆ. ಆ ಮಾಘ, ಫಾಲ್ಗುಣ ಪೂರ್ತಿ ತಾರಾತ್ತೆ ಆ ಕೋಣೆ ಬಿಟ್ಟು ಹೊರಬಂದದ್ದು ಕಡಿಮೆ. ಒಂದು ಸಂಜೆ ಟ್ರಂಕನ್ನು ಒರೆಸಿ, ಒಳಗಿನ ಸೀರೆಗಳನ್ನು ಗಾಳಿಗೆ ಹರವಿ, ಮತ್ತೆ ಮಡಿಸಿ ಇಟ್ಟದ್ದನ್ನು ನಾನು ನೋಡಿದೆ.

ಹದಿನಾರೂ ಒಣಗಿ ಬಣ್ಣ ಕಂಡ ಮೇಲೆ ಬಸ್ತಿಯ ಹೆಣ್ಣುಮಕ್ಕಳ ಮುಂದಾಳು ರಾಜಕ್ಕ ನಮ್ಮ ಸೋಪಾಕ್ಕೆ ಬಂದಳು. ನೋಡಿ ಹೊಗಳಿದಳು, ಪಾನಕ ಕುಡಿದಳು, ಲೋಟ ಕೆಳಗಿಟ್ಟ ಮೇಲೆ ಬಂದ ಕೆಲಸ ಹೇಳಿದಳು.

“ನೋಡೋ ತಮ್ಮಾ, ತಾರಾನ ಮ್ಯಾಲ ನನಗೇನ ಸಿಟ್ಟಿಲ್ಲ. ಕೈ ಬಂಗಾರ ಐತಿ ಆಕಿದು. ಆದರ ಇವು ತಾಯಿ ಕಂಡ ಕನಸು. ಹಡೀಲಾರದಾಕಿ ಮಾಡ್ಯಾಳ ಅಂತ ಗೊತ್ತಾದ್ರ ಬಸರ ಹೆಣಮಕ್ಕಳು ತೊಟ್ಟಲಾ ಮುಟ್ಟಾಕ ಹಿಂದ ಮುಂದ ನೋಡ್ತಾರ.”

“ಹಡದಾಕಿ ಮಾಡಿದ್ರ ಆನಿ ಎದ್ದ ನಡೀತೈತೇನ ರಾಜಕ್ಕಾ? ಮಣ್ಣಿಗೇನ ಗೊತ್ತು?” ಎಂದ ಅಪ್ಪ.

“ಮಣ್ಣಿಗೆ ಗೊತ್ತಿಲ್ಲೋ, ಮಂದಿಗೆ ಗೊತ್ತೈತಿ.”

ಅಪ್ಪ ಬಿಡುವವನಲ್ಲ. ಅವಳು ಹಿಂದೆ ಸರಿದಂತೆ ಮುಂದೆ ಬಂದ, ಅವಳು ಮುಂದೆ ಬಂದಂತೆ ನಕ್ಕ. ಬೆಲ್ಲದ ಪೇಟೆಯಲ್ಲಿ ಹೇಗೋ ಹಾಗೆ, ಎದುರಿನವರಿಗೆ ಬೇಕಾದದ್ದನ್ನು ಅವರ ಬಾಯಿಂದಲೇ ಹೊರಡಿಸಿದ. ಕೊನೆಗೆ ಕುದುರಿದ್ದು ಇದು: ಹದಿನಾರೂ ಬಸ್ತಿಯಲ್ಲಿ ಇಡುವುದು, ಐಗಳಿಯವರನ್ನು ತೊಟ್ಟಿಲ ಎದುರಿಗೇ ಕೂರಿಸುವುದು, ಆದರೆ ಮಾಡಿದವಳ ಹೆಸರನ್ನು ಯಾರೂ ಎತ್ತಕೂಡದು, ತಾರಾತ್ತೆ ಅಲ್ಲಿಗೆ ಬರಕೂಡದು, ಮದುವೆಯಾಗದ ಹುಡುಗಿಯೊಬ್ಬಳು ತಟ್ಟೆಯಲ್ಲಿ ಹೊತ್ತು ತರಬೇಕು. ಹುಡುಗಿಯನ್ನೂ ರಾಜಕ್ಕನೇ ಸೂಚಿಸಿದಳು, ತನ್ನ ತಮ್ಮನ ಮಗಳು ಶೋಭಾ. ಹಾಗಾದರೆ ಐಗಳಿಯವರಿಗೆ ತಿಳಿಯುವುದು ಹೇಗೆ ಎಂದು ಅಪ್ಪ ಯೋಚಿಸದೆ ಇರಲಿಲ್ಲ. ಹಬ್ಬ ಮುಗಿದ ಮೇಲೆ ಊಟಕ್ಕೆ ಮನೆಗೆ ಕರೆತಂದು ಏಕಾಂತದಲ್ಲಿ ಹೇಳಿದರಾಯಿತು ಎಂದುಕೊಂಡ. ಟವೆಲ್ ಜಾಡಿಸಿ ಹೆಗಲಿಗೆ ಹಾಕಿದ. ಗೆದ್ದ ಮುಖವಿತ್ತು ಅವನದು. ನನಗೂ ಅಪ್ಪ ಗೆದ್ದನೆಂದೇ ಅನ್ನಿಸಿತು.

ರಾಜಕ್ಕ ಹೋದ ಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು.

“ಮಾಡಿದಾಕಿ ಮನ್ಯಾಗ ಕುಂದರಬೇಕು, ಹೊತ್ತಾಕಿ ಮೆರೀಬೇಕು. ಭಾರಿ ವ್ಯಾಪಾರ ಮಾಡೀರಿ ನೋಡ್ರಿ,” ಎಂದಳು ಅವ್ವ.

ತಾರಾತ್ತೆ ಕೋಣೆಯಿಂದ ಬಂದು ಅವ್ವನ ಕೈಯಿಂದ ತಟ್ಟೆ ತೆಗೆದುಕೊಂಡಳು. “ಇರಲಿ ಬಿಡ್ರಿ ವೈನಿ. ಹೆಸರ ಯಾಕ ಬೇಕ ನನಗ? ಅವರು ಒಂದ ಸಲ ಆ ಆನಿ ಕೈಯಾಗ ಹಿಡದ್ರ ಸಾಕು. ಹೊಟ್ಟಿ ಕೆಳಗ ನನ್ನ ಹೆಬ್ಬಟ್ಟ ಐತಿ. ಅವರಿಗೆ ಗುರ್ತ ಸಿಗತೈತಿ.”

ವ್ಯವಹಾರಕ್ಕೆ ಇಳಿಯುವ ಹೆಣ್ಣುಮಕ್ಕಳಿಗೆ ನಾನು ಈಗಲೂ ಒಂದು ಮಾತು ಹೇಳುತ್ತೇನೆ: ಬೆಲೆ ಇಳಿಸಬೇಕಾದರೆ ಇಳಿಸಿ, ಅದು ನಾಳೆ ಏರುತ್ತದೆ, ನಿಮ್ಮ ಹೆಸರನ್ನು ಮಾತ್ರ ಮಾಲಿನಿಂದ ಬಿಡಿಸಿ ಕೊಡಬೇಡಿ. ಹೇಳುವುದು ಸುಲಭ. ಅಂದು ನಮ್ಮ ಮನೆಯಲ್ಲಿದ್ದ ಜಾಣರೆಲ್ಲ ಸೇರಿ ಮಾಡಿದ್ದು ಅದನ್ನೇ.

ಜಯಂತಿಯ ಬೆಳಿಗ್ಗೆ ತಾರಾತ್ತೆ ಹದಿನಾರನ್ನೂ ತಾನೇ ತಟ್ಟೆಗಳಲ್ಲಿ ಜೋಡಿಸಿ ಕೊಟ್ಟಳು. ಮಾಮಾ ಏನು ಮುಟ್ಟುತ್ತಾರೆ ನೋಡಿಕೊಂಡು ಬಾ ಎಂದಷ್ಟೇ ನನಗೆ ಹೇಳಿದಳು. ಬಸ್ತಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಜರತಾರಿ ಸೀರೆಯುಟ್ಟ ಶೋಭಾ ಮೊದಲ ತಟ್ಟೆ ಹೊತ್ತು ಬಂದಳು, ಅದರಲ್ಲಿ ಬಿಳಿ ಆನೆ. ಹದಿನೆಂಟು ತುಂಬಿರಬೇಕು ಅವಳಿಗೆ. ಎಲ್ಲ ಇಟ್ಟಾದ ಮೇಲೆ ತೊಟ್ಟಿಲ ಸುತ್ತ ಒಂದು ವಸಂತವೇ ನಿಂತಂತಾಯಿತು: ಕಮಲದ ಕೊಳ, ಜೋಡಿ ಹೂಮಾಲೆ, ಅರಿಶಿನ ಬಳಿದ ಸೂರ್ಯ. ಗದ್ದಲ ಒಮ್ಮೆಲೇ ತಗ್ಗಿತು. ಮುಂದಿನ ಸಾಲಿನಲ್ಲಿ ಕೂತಿದ್ದ ತಾರಾತ್ತೆಯ ಅತ್ತೆ, ಐಗಳಿಯ ಹಿರಿಯಮ್ಮ, ಕನ್ನಡಕ ಸರಿಮಾಡಿಕೊಂಡು ಎದ್ದೇ ಬಂದಳು.

“ಅಯ್ಯ, ಏನ ಚೆಂದ ಮಾಡ್ಯಾರ್ರಿ! ಯಾರದು ಈ ಕೈ?”

“ನಮ್ಮ ಬಸ್ತಿ ಹೆಣಮಕ್ಕಳದರಿ,” ಎಂದಳು ರಾಜಕ್ಕ. ಅದು ಒಪ್ಪಂದದ ಮಾತೇ. ಆದರೆ ಹೇಳುವಾಗ ಅವಳ ಕೈ ಪಕ್ಕದಲ್ಲಿದ್ದ ಶೋಭಾಳ ಬೆನ್ನ ಮೇಲಿತ್ತು. ಹಿರಿಯಮ್ಮ ಶೋಭಾಳ ಎರಡೂ ಕೈ ಹಿಡಿದು, ಅಂಗೈ ತಿರುಗಿಸಿ ನೋಡಿದಳು.

“ಈಕಿನ ಏನ್ರಿ? ಎಷ್ಟ ಸಣ್ಣಾಕಿ! ಯಾರ ಮಗಳವಾ ನೀ?”

ಶೋಭಾ ಏನೋ ಹೇಳಲು ಬಾಯಿ ತೆರೆದು ರಾಜಕ್ಕನ ಮುಖ ನೋಡಿದಳು. ರಾಜಕ್ಕ, “ನನ್ನ ತಮ್ಮನ ಮಗಳ್ರಿ. ಭಾಳ ಶಾಣ್ಯಾಕಿ,” ಎಂದಳು. ನಾನು ಅಪ್ಪನ ಕಡೆ ನೋಡಿದೆ. ಗಂಡಸರ ಸಾಲಿನಲ್ಲಿ ಅವನು ಅರ್ಧ ಎದ್ದಿದ್ದ. ಹೆಗಲ ಮೇಲಿನ ಟವೆಲನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದ. ಕೊಟ್ಟ ಮಾತಿಗೆ ತಪ್ಪದ ದಲಾಲ ಎಂದು ಚಿಕ್ಕೋಡಿಯವರೆಗೂ ಹೆಸರಿದ್ದವನು ಹಾಗೇ ಕೆಳಗೆ ಕೂತ.

ತೊಟ್ಟಿಲು ತೂಗಿ ಹೆಂಗಸರು ಚದುರಿದ ಮೇಲೆ ಮಾಮಾ ಒಬ್ಬನೇ ಮುಂದೆ ಬಂದ. ಆನೆಯನ್ನು ಎತ್ತಿಕೊಂಡ. ಮೊದಲು ಸೊಂಡಿಲು ನೋಡಿದ, ಆಮೇಲೆ ಬೋರಲು ಮಾಡಿದ. ಹೊಟ್ಟೆಯ ಗುಳಿಯೊಳಗೆ ತನ್ನ ಹೆಬ್ಬೆರಳಿಟ್ಟು ಬಹಳ ಹೊತ್ತು ಹಾಗೇ ನಿಂತ. ನಾನು ತೊಟ್ಟಿಲ ಕಾಲಿನ ಪಕ್ಕದಲ್ಲೇ ಇದ್ದೆ, ಅವನ ಮುಖ ನನಗೆ ಸರಿಯಾಗಿ ಕಾಣುತ್ತಿತ್ತು. ಅವನಿಗೆ ಗೊತ್ತಾಗಿತ್ತು. ಅಷ್ಟರಲ್ಲಿ ಅವನ ತಾಯಿ, “ಬಾರೋ, ಈ ಹುಡಿಗಿ ಮನೀಗೆ ಹೋಗಿ ಪಾನಕ ಕುಡದ ಹೋಗೂಣು,” ಎಂದು ಕೂಗಿದಳು. ಮಾಮಾ ಆನೆಯನ್ನು ಸ್ವಸ್ಥಾನಕ್ಕೆ ಇಟ್ಟ, ಸೊಂಡಿಲು ಬಾಗಿಲ ಕಡೆ ಬರುವಂತೆ ಸರಿಮಾಡಿದ, ತಾಯಿಯ ಹಿಂದೆ ಹೋದ. ನಮ್ಮ ಮನೆಯಲ್ಲಿ ಅವರಿಗಾಗಿ ಮಾಡಿದ ಹೋಳಿಗೆಯನ್ನು ಹೊತ್ತು ಮುಳುಗುವ ಮುಂಚೆ ನಾವೇ ತಿಂದೆವು. ತಿನ್ನದೆ ಬಿಟ್ಟರೆ ಕೆಡುತ್ತದಲ್ಲ.

“ಮುಟ್ಟಿದ್ರೇನ?” ಎಂದು ತಾರಾತ್ತೆ ಕೇಳಿದಳು.

“ಮುಟ್ಟಿದ್ರು. ಬೋರಲ ಮಾಡಿನೂ ನೋಡಿದ್ರು.”

“ಬೆರಳ ಇಟ್ರೇನ?”

“ಇಟ್ರು ಅತ್ತಿ.”

ಅವಳು ಮಣ್ಣು ಕಲಸಿಟ್ಟ ಅಗಲ ಪರಾತದ ಮೇಲಿದ್ದ ಹಸಿ ಅರಿವೆಯನ್ನು ತೆಗೆದು ಹಗ್ಗಕ್ಕೆ ಹಾಕಿದಳು. ಮುಚ್ಚದೆ ಬಿಟ್ಟ ಆ ಮಣ್ಣು ನಾಲ್ಕು ದಿನಗಳಲ್ಲಿ ಕಲ್ಲಾಯಿತು.

ಐಗಳಿಯಿಂದ ಅಪ್ಪನಿಗೆ ಹೇಳಿಕೆ ಬಂದಾಗ ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಶೋಭಾಳನ್ನು ತಂದುಕೊಳ್ಳುವುದೆಂದು ನಿಶ್ಚಯವಾಗಿದೆ, ಹಿರಿಯರ ಎದುರು ಸೋಡಚೀಟಿ ಮಾಡಿ, ಅಂದರೆ ಗಂಡ ಹೆಂಡತಿಯ ಬಿಡುಗಡೆಗೆ ಒಪ್ಪಿ, ಇಬ್ಬರಿಗೂ ದಾರಿ ಮಾಡಿಕೊಡಿ ಎಂದು. ಈಗಲಾದರೂ ಹೋಗಿ ನಿಜ ಹೇಳಿ ಬಾ ಎಂದು ಆಯಿ ಅಪ್ಪನ ಕಾಲಿಗೆ ಬೀಳುವುದೊಂದು ಬಾಕಿ. ಅಪ್ಪ ಹೊರಡಲು ಚಪ್ಪಲಿಯನ್ನೂ ಮೆಟ್ಟಿದ. ತಡೆದವಳು ತಾರಾತ್ತೆಯೇ.

“ಯಾರಿಗೆ ಹೇಳಾಕ ಹೊಂಟಿ ಅಣ್ಣಾ? ಮುದಿಕಿಗಾ? ಹೇಳಬೇಕಾದವರಿಗೆ ಗೊತ್ತೈತಿ. ಗೊತ್ತಿದ್ದ ಹೋಗ್ಯಾರ.”

ಅಪ್ಪ ಚಪ್ಪಲಿ ಕಳಚಲೂ ಇಲ್ಲ, ಮುಂದೆ ಹೋಗಲೂ ಇಲ್ಲ. ಸೋಪಾದ ಅಂಚಿಗೆ ಕೂತು ಕೈಯಲ್ಲಿದ್ದ ಟವೆಲಿನಿಂದ ಮುಖ ಮುಚ್ಚಿಕೊಂಡ. ನಾನು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಆಮೇಲೆ ಅವನು ದಲಾಲಿ ಬಿಡಲಿಲ್ಲ, ಬಿಟ್ಟರೆ ಹೊಟ್ಟೆಗೇನು? ಆದರೆ ಮನೆಯೊಳಗಿನ ಯಾವ ಮಾತಿಗೂ ನಡುವೆ ಬರುವುದನ್ನು ಬಿಟ್ಟ. ನನ್ನ ಮದುವೆಯ ಮಾತುಕತೆಗೆ ಕೂಡ ನನ್ನನ್ನೇ ಎದುರಿಗೆ ಕೂರಿಸಿದ. ನನ್ನ ಮಾತನ್ನು ನಾನೇ ಆಡಲು ಕಲಿತದ್ದು ಅಲ್ಲಿಂದ. ಜನ ಅದನ್ನು ನನ್ನ ಧೈರ್ಯ ಎನ್ನುತ್ತಾರೆ. ಅದರಲ್ಲಿ ಧೈರ್ಯವೇನಿಲ್ಲ, ಬೇರೆಯವರ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬ ಭಯ ಅಷ್ಟೆ.

ಮದುವೆಗೆ ಕೆಲವು ದಿನ ಇರುವಾಗ ಒಂದು ಮಧ್ಯಾಹ್ನ ಶೋಭಾ ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ. ಅವ್ವ ಅವಳನ್ನು ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಏನ ಬೇ? ಇನ್ನೇನ ಉಳದೈತಿ ಈ ಮನ್ಯಾಗ ಒಯ್ಯಾಕ?”

ಶೋಭಾ ಅಳುತ್ತಿದ್ದಳು. “ಚಿಗವ್ವಾ, ನಾ ಹೇಳಬೇಕಂತ ಮಾಡಿದ್ನಿ. ರಾಜಕ್ಕತ್ತಿ ಬಿಡಲಿಲ್ಲರಿ. ಅಲ್ಲಿ ಶ್ರಾವಣದಾಗ ಅವರ ಬಸ್ತಿಗೆ ನನ್ನ ಕೈಲೇ ಮಾಡಸ್ತಾರಂತ. ನನಗ ಮಣ್ಣ ಕಲಸಾಕೂ ಬರಂಗಿಲ್ಲ. ಗೊತ್ತಾದ್ರ ನನ್ನೂ ಬಿಡ್ತಾರರಿ.”

ಅವ್ವನ ಬಾಯಿಂದ ಏನು ಹೊರಡುತ್ತಿತ್ತೋ, ಅಷ್ಟರಲ್ಲಿ ಬೆಲ್ಲದ ಕೋಣೆಯ ಬಾಗಿಲು ತೆರೆಯಿತು. ತಾರಾತ್ತೆ ಅವಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡಳು. ಕಲ್ಲಾದ ಮಣ್ಣನ್ನು ಕುಟ್ಟಿ, ಜರಡಿ ಹಿಡಿದು, ನೆನೆಹಾಕಿದಳು. ಅಂದಿನಿಂದ ಮದುವೆಯ ಹಿಂದಿನ ದಿನದವರೆಗೆ ಶೋಭಾ ದಿನವೂ ಬಂದಳು. ಅವಳ ಕೈ ಹಗುರವಾಗಿರಲಿಲ್ಲ. ಅವಳು ಮಾಡಿದ ಕಾಲುಗಳು ಭಾರಕ್ಕೆ ಕುಸಿಯುತ್ತಿದ್ದವು. ತಾರಾತ್ತೆ ಬೈಯಲಿಲ್ಲ, ನಗಲೂ ಇಲ್ಲ. ಅವಳ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಒತ್ತಿಸಿದಳು. ಕೊನೆಯ ದಿನ ಒಂದು ಆನೆ, ಚೆಂದವಲ್ಲದಿದ್ದರೂ, ನಾಲ್ಕು ಕಾಲಿನ ಮೇಲೆ ನಿಂತಿತು. ನಾನು ಹೊಸ್ತಿಲ ಮೇಲೆ ಕೂತು ರದ್ದಿ ಕಾಗದ ಹರಿಯುತ್ತಿದ್ದೆ. ತಾರಾತ್ತೆ ಕೈ ಒರೆಸಿಕೊಂಡು, ಬಿತ್ತನೆಯ ಮಾತಾಡುವಷ್ಟೇ ಸಲೀಸಾಗಿ ಹೇಳತೊಡಗಿದಳು.

“ಆ ಮನ್ಯಾಗ ಸೋಪಾದಾಗ ಒಣಗಸಬ್ಯಾಡ, ಪಡವಣ ಬಿಸಲ ಬಡೀತೈತಿ. ಅಡಗಿ ಮನಿ ದಾಟಿದ್ರ ಒಣದ್ರಾಕ್ಷಿ ಇಡೂ ಕೋಣಿ ಐತಿ. ಬಾಗಲಾ ಪೂರಾ ತೆಗದ್ರ ಅದರ ಹಿಂದ ಗೋಡ್ಯಾಗಿನ ಒಂದ ಗೂಡ ಮುಚ್ಚತೈತಿ. ತಂಪ ಇರತೈತಿ, ಯಾರಿಗೂ ಕಾಣಂಗಿಲ್ಲ, ನಂದೆಲ್ಲಾ ನಾ ಅಲ್ಲೇ ಇಡತಿದ್ನಿ. ಅದರಾಗ ಇಡು.”

“ಅದರಾಗ ಏನರ ಇದ್ರ, ಅಕ್ಕಾ?” ಎಂದು ಶೋಭಾ ಕೇಳಿದಳು.

“ಇದ್ರ ಒಂದ ಮಗ್ಗಲಿಗೆ ಸರಸು,” ಎಂದಳು ತಾರಾತ್ತೆ. “ಸರಸಿ ನಿಂದ ಇಡು.”